ಹೆಳವನ ಪುಸ್ತಕದಲ್ಲಿ ಇಲ್ಲದ ಆಯಿ

ನಮ್ಮ ಕಡೆ ಸೊಸೆಯಂದಿರಿಗೆ ಹೆಸರಿರುವುದಿಲ್ಲ, ಊರಿರುತ್ತದೆ. ಬೆಟಗೇರಿಯಿಂದ ಬಂದವಳು ಬೆಟಗೇರ್ಯಾಕಿ, ಯಾದವಾಡದಿಂದ ಬಂದವಳು ಯಾದವಾಡದಾಕಿ. ಅತ್ತೆಯ ಮನೆಗೆ ಕಾಲಿಟ್ಟ ದಿನದಿಂದ ಅವಳ ತವರಿನ ಹೆಸರೇ ಅವಳ ಹೆಸರು. ಮುದುಕಿಯಾದ ಮೇಲೆ ಅದರ ಮುಂದೆ ಒಂದು 'ಆಯಿ' ಸೇರಿಕೊಳ್ಳುತ್ತದೆ. ಅವಳು ಸತ್ತು ಎರಡು ತಲೆಮಾರು ಕಳೆದರೆ ಉಳಿಯುವುದು ಆ ಊರು ಮಾತ್ರ. ನನ್ನ ತಂದೆಯ ಅಜ್ಜಿ, ಅಂದರೆ ನನ್ನ ಮುತ್ತಜ್ಜಿ, ನಮ್ಮ ಮೂಡಲಗಿಯ ಮನೆಯಲ್ಲಿ ಹೀಗೆ 'ಹುಕ್ಕೇರಿ ಆಯಿ' ಆಗಿ ಉಳಿದಿದ್ದಳು. ಹೆಸರೇನು ಎಂದರೆ ಯಾರಿಗೂ ಗೊತ್ತಿಲ್ಲ. ನಮ್ಮವ್ವನನ್ನು ಕೇಳಿದರೆ, "ಅತ್ತಿ ಹೆಸರನ್ನ ನಾ ಹೇಳಾಂಗಿಲ್ಲ, ಇನ್ನ ಅತ್ತಿಯ ಅತ್ತಿ ಹೆಸರು ನನಗ ಯಾರು ಹೇಳ್ತಾರ?" ಎಂದಿದ್ದಳು.

ಆದರೆ ಆಯಿಯ ಬಗ್ಗೆ ಮೂರು ಮಾತು ಮನೆಯಲ್ಲಿ ಓಡಾಡುತ್ತಿದ್ದವು. ಒಂದು, ಆಕೆ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ನೂಲು ಸುತ್ತುವ ಕೆಲಸ ಮಾಡುತ್ತಿದ್ದಳು. ಎರಡು, ಬಾವಿಯಿದ್ದ ಹೊಲವನ್ನು ಆಕೆಯೇ ರೊಕ್ಕ ಕೊಟ್ಟು ಕೊಂಡಳು. ಮೂರನೆಯದು ಮಾತಲ್ಲ, ಮೌನ. ನನ್ನ ಅಜ್ಜ ಹುಟ್ಟಿದ್ದು ಎಲ್ಲಿ ಎಂದು ಕೇಳಿದ ಕೂಡಲೇ ಹಿರಿಯರು ಎದ್ದು ದನದ ಕೊಟ್ಟಿಗೆಯ ಕಡೆ ಹೋಗುತ್ತಿದ್ದರು.

ಶಿಕ್ಷಕಿಯ ಕೆಲಸದಿಂದ ನಿವೃತ್ತಳಾದ ಮೇಲೆ ಈ ಆಯಿಯನ್ನು ಹುಡುಕಬೇಕೆನಿಸಿತು. ಸಾಲಿ ಮಕ್ಕಳ ಹೆಸರನ್ನು ದಾಖಲಾತಿ ಪುಸ್ತಕದಲ್ಲಿ 33 ವರ್ಷ ಬರೆದವಳು ನಾನು. ನಮ್ಮ ಮನೆಗೆ ಹೊಲ ತಂದುಕೊಟ್ಟವಳಿಗೆ ಒಂದು ಹೆಸರಿಲ್ಲ ಎಂಬುದು ನನಗೆ ಸರಿಬರಲಿಲ್ಲ. ಸುಗ್ಗಿ ಮುಗಿದ ಮೇಲೆ ಹೆಳವ ಬರುವುದನ್ನು ಕಾಯುತ್ತ ಕುಳಿತೆ.

ಹೆಳವರು ಗೊತ್ತಲ್ಲ? ದಕ್ಷಿಣದ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಉತ್ತರ ಕರ್ನಾಟಕದ ಒಕ್ಕಲು ಮನೆತನಗಳ ವಂಶಾವಳಿ ಹೇಳುವುದು ಅವರ ಕುಲಕಸಬು. ಹೆಳವ ಎಂದರೆ ಕುಂಟ. ಬಸವಣ್ಣನವರು ನಡೆಯಲಾರದ ಒಬ್ಬನಿಗೆ ಎತ್ತು ಕೊಟ್ಟರೆಂಬುದು ಅವರಲ್ಲಿ ಕೇಳಿಬರುವ ಕಥೆಗಳಲ್ಲೊಂದು. ಹಿಂದೆ ಎತ್ತಿನ ಮೇಲೆ ಕುಳಿತು, ಕಾಲಿನ ಮೇಲೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬರುತ್ತಿದ್ದರು. 1909ರಲ್ಲಿ ಪ್ರಕಟವಾದ ಥರ್ಸ್ಟನ್ ಸಾಹೇಬನ ಗ್ರಂಥದಲ್ಲಿಯೂ ಈ ಕಂಬಳಿಯ ಪ್ರಸ್ತಾಪವಿದೆ. ಕಾಲು ಗಟ್ಟಿಯಾಗಿದ್ದವನೂ ಕಂಬಳಿಯಡಿ ಕಾಲು ಮುಚ್ಚಿಕೊಂಡೇ ಬರಬೇಕು, ಅದು ವೃತ್ತಿಯ ಮರ್ಯಾದೆ. ಬೆಳಗಿನ ಹೊತ್ತು ಅಂಗಳದಲ್ಲಿ ನಿಂತು ಮೂಲಪುರುಷನಿಂದ ಶುರುಮಾಡಿ, ಯಾವ ಊರಿನಿಂದ ಯಾವ ಊರಿಗೆ ಬಂದಿರಿ, ಯಾವನಿಗೆ ಎಷ್ಟು ಗಂಡುಮಕ್ಕಳು, ಯಾರು ಬರದಲ್ಲಿ ಊರು ಬಿಟ್ಟರು, ಯಾರು ಜಗಳಾಡಿ ಬೇರೆಯಾದರು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮನೆಯವರು ಜೋಳ, ಹಿತ್ತಾಳೆ ಪಾತ್ರೆ, ಶಕ್ತಿಯಿದ್ದವರು ಆಕಳ ಕರು ಕೊಡುತ್ತಾರೆ. ಪ್ರತಿ ಹೆಳವ ಮನೆತನಕ್ಕೆ ಇಂತಿಂಥ ಒಕ್ಕಲು ಎಂಬ ಹಂಚಿಕೆಯಿದೆ. ಒಬ್ಬರ ಒಕ್ಕಲಿನ ಮನೆಗೆ ಇನ್ನೊಬ್ಬರು ಹೋಗುವಂತಿಲ್ಲ. ಈ ಹಂಚಿಕೆಯೇ ನನ್ನ ಹುಡುಕಾಟದ ಕೀಲಿಯಾಯಿತು ಎಂಬುದು ಮುಂದೆ ಬರುತ್ತದೆ.

ಇಂಥ ಕಸಬು ನಮ್ಮಲ್ಲಷ್ಟೇ ಇಲ್ಲ. ಗುಜರಾತಿನಲ್ಲಿ ವಹಿವಂಚಾ ಬಾರೋಟರಿದ್ದಾರೆ. ಹರಿದ್ವಾರದ ಪಂಡಾಗಳು ಯಾತ್ರೆಗೆ ಬಂದವರ ಮನೆತನಗಳನ್ನು ಉದ್ದನೆಯ ವಹಿಗಳಲ್ಲಿ ಬರೆದಿಡುತ್ತಾರೆ. ಆ ವಹಿಗಳನ್ನು ಅಮೆರಿಕದ ಯುಟಾ ರಾಜ್ಯದ ವಂಶಾವಳಿ ಸಂಸ್ಥೆಯೊಂದು 1970ರ ದಶಕದಿಂದ ಮೈಕ್ರೋಫಿಲ್ಮ್ ಮಾಡಿಸಿತು. ಆದರೆ ಪಂಡಾನ ಹತ್ತಿರ ನೀವು ಹೋಗಬೇಕು. ಹೆಳವ ನಿಮ್ಮ ಬಾಗಿಲಿಗೇ ಬರುತ್ತಾನೆ.

ಈಗ ನಮ್ಮ ಹೆಳವ ಬರುವುದು ಮೋಟಾರ್ ಸೈಕಲ್ಲಿನ ಮೇಲೆ. ಎತ್ತು ಇಲ್ಲ, ಗಂಟೆ ಇದೆ. ಎಂದಿನಂತೆ ನಿಂತು ಹೇಳಿದ. ಎಂದಿನಂತೆ ನನ್ನ ಅಜ್ಜನ ಹೆಸರಿನ ಹತ್ತಿರ ಬಂದಾಗ ಧ್ವನಿ ಸ್ವಲ್ಪ ಓಡಿತು. ಚಿಕ್ಕಂದಿನಿಂದ ಕೇಳಿದವಳು ನಾನು. ಅದನ್ನು ರಾಗದ ಇಳಿತವೆಂದೇ ಎಲ್ಲರೂ ತಿಳಿದಿದ್ದರು. ಚಹಾ ಕುಡಿಸಿ, ಪುಸ್ತಕ ತೋರಿಸು ಎಂದೆ. ಕೆಂಪು ಅರಿವೆಯಲ್ಲಿ ಸುತ್ತಿದ ದಪ್ಪ ವಹಿ ಅದು. ಮೊದಲಿನ ಹಾಳೆಗಳು ಅವನ ಅಜ್ಜನ ಕೈಬರಹ, ಅದಕ್ಕೂ ಹಳೆಯದರಿಂದ ನಕಲು ಮಾಡಿದ್ದು. ನನ್ನ ಮುತ್ತಜ್ಜನ ಹೆಸರಿನ ಕೆಳಗೆ ಒಂದು ಗೆರೆ ಎಳೆದಿತ್ತು. ಗೆರೆಯ ಕೆಳಗೆ ಏನೂ ಇರಲಿಲ್ಲ. ನನ್ನ ಅಜ್ಜನ ಹೆಸರು ಬದಿಯಲ್ಲಿ, ಸಣ್ಣ ಅಕ್ಷರದಲ್ಲಿ, ಗೆರೆಗೆ ತಾಗದಂತೆ ಇತ್ತು.

"ಇದ್ಯಾಕ ಹಿಂಗ?" ಎಂದೆ.

ಅವನು ಅಂಗಳದಲ್ಲಿ ಯಾರಿದ್ದಾರೆ ಎಂದು ನೋಡಿ ಹೇಳಿದ: "ನಿಮ್ಮ ಅಜ್ಜ ತಾಯಿ ಸೊಂಟದಾಗ ಬಂದಾವ್ರು, ಬಾಯಾರ. ನಿಮ್ಮ ಬೇರು ನನ್ನ ಪುಸ್ತಕದಾಗ ಇಲ್ಲ. ಬ್ಯಾರೆ ಹೆಳವನ ಕಡೆ ಐತಿ."

ಅಲ್ಲಿಗೆ ಕೊಟ್ಟಿಗೆಯ ಕಡೆ ಎದ್ದು ಹೋಗುತ್ತಿದ್ದವರ ಗುಟ್ಟು ತಿಳಿಯಿತು. ಆಯಿಗೆ ನಮ್ಮ ಮನೆಯಲ್ಲಿ ಆದದ್ದು ಮದುವೆಯಲ್ಲ, ಉಡಕಿ. ಗಂಡ ಸತ್ತವಳನ್ನು ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ಪದ್ಧತಿ. ಅನೇಕ ಒಕ್ಕಲು ಜಾತಿಗಳಲ್ಲಿ ಇದು ಮೊದಲಿನಿಂದ ಇದ್ದದ್ದೇ. ಹಂದರವಿಲ್ಲ, ವಾದ್ಯವಿಲ್ಲ. ಕತ್ತಲಲ್ಲಿ ನಾಲ್ಕು ಜನರೆದುರು ಆಗಿಹೋಗುತ್ತದೆ. ಮರುದಿನದಿಂದ ಸಂಸಾರ ಎಲ್ಲರಂತೆ ನಡೆದರೂ ಮುತ್ತೈದೆಯರ ಸಾಲಿನಲ್ಲಿ ಮಾತ್ರ ಅವಳಿಗೆ ಜಾಗ ಸಿಗುತ್ತಿರಲಿಲ್ಲ. ಸಮಾಜ ಸುಧಾರಕರ ಪುಸ್ತಕಗಳಲ್ಲಿ ವಿಧವಾ ವಿವಾಹ ದೊಡ್ಡ ಕ್ರಾಂತಿ. ನಮ್ಮ ಹಳ್ಳಿಗಳಲ್ಲಿ ಅದು ಬಡವರು ಸದ್ದಿಲ್ಲದೆ ಮಾಡಿಕೊಂಡ ಏರ್ಪಾಡು. ಅದನ್ನು ಮುಚ್ಚಿಡುವ ಚಟ ನಮಗೆ ನಾಲ್ಕು ಎಕರೆಯ ಜೊತೆಗೆ ಬಂದದ್ದು ಎಂದು ನನಗನಿಸುತ್ತದೆ.

ಹೆಳವ ಹೇಳಿದ್ದು ಬಾಯಿಮಾತು. ಕಾಗದ ಏನು ಹೇಳುತ್ತದೆ ನೋಡೋಣವೆಂದು ಕಚೇರಿ ಸುತ್ತಿದೆ. ಮೂಡಲಗಿ ಈಗ ತಾಲೂಕು. ಆದರೆ ಅದು ಗೋಕಾಕ ತಾಲೂಕಿನಿಂದ ಬೇರೆಯಾದದ್ದು 2018ರಲ್ಲಿ. ಆದ್ದರಿಂದ ಹಳೆಯ ಕಾಗದಗಳ ಬೆನ್ನು ಹತ್ತಿದವರು ಗೋಕಾವಿಯ ಬಸ್ಸನ್ನೇ ಹಿಡಿಯಬೇಕು. ಭೂಮಿ ಯೋಜನೆ ಬಂದ ಮೇಲೆ ಈಗಿನ ಪಹಣಿ ಕಂಪ್ಯೂಟರಿನಲ್ಲಿ ಸಿಗುತ್ತದೆ, ಮುತ್ತಜ್ಜಿಯರು ಅದರಲ್ಲಿ ಸಿಗುವುದಿಲ್ಲ. ಅವರಿರುವುದು ಕೈಬರಹದ ಹಕ್ಕು ನೋಂದಣಿ ಪುಸ್ತಕಗಳಲ್ಲಿ. ನಮ್ಮದು ಹಳೆಯ ಮುಂಬೈ ಪ್ರಾಂತವಾದ್ದರಿಂದ 1903ರ ಕಾಯದೆಯಿಂದ ಈ ಹಕ್ಕು ನೋಂದಣಿ ಶುರುವಾಯಿತು, 1913ರಲ್ಲಿ ಅದು ಭೂಕಂದಾಯದ ಕಾನೂನಿನೊಳಗೇ ಸೇರಿತು. ಹೊಲ ಕೈಬದಲಾದಾಗಲೆಲ್ಲ ಒಂದು ಫೇರಫಾರ ಬರೆಯಬೇಕು, ಯಾಕೆ ಬದಲಾಯಿತೆಂಬ ಕಾರಣ ಸಮೇತ. ಇಷ್ಟು ಚೆನ್ನಾದ ಆತ್ಮಕಥೆಗಳನ್ನು ನಮ್ಮ ಹಳ್ಳಿಯವರು ಬೇರೆಲ್ಲೂ ಬರೆಸಿಲ್ಲ.

ಮೊದಲು ನೋಡಿದ್ದು ಅಜ್ಜನ ಸಾಲಿಯ ದಾಖಲೆ. ಅಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಮೂಡಲಗಿಯ ಮುತ್ತಜ್ಜನೇ ಇದ್ದಾನೆ. ಹುಟ್ಟಿದ ತಾರೀಖು ಜೂನ್ 1. ಅದಕ್ಕೆ ನಾನು ಬೆಲೆ ಕೊಡಲಿಲ್ಲ. ನಮ್ಮ ಕಡೆ ಅರ್ಧ ಊರು ಹುಟ್ಟಿದ್ದು ಜೂನ್ 1ಕ್ಕೆ. ಸಾಲಿಗೆ ಸೇರಿಸಲು ಅನುಕೂಲವೆಂದು ಮಾಸ್ತರರು ಹುಟ್ಟಿಸಿದ್ದು ಅದು. ನಾನೂ ಎಷ್ಟೋ ಮಕ್ಕಳಿಗೆ ಆ ಜನ್ಮದಿನ ದಾನ ಮಾಡಿದ್ದೇನೆ.

ಬಾವಿ ಹೊಲದ ಫೇರಫಾರ ಸಿಗುವುದಕ್ಕೆ ನಾಲ್ಕು ಸಲ ಹೋಗಬೇಕಾಯಿತು. ಸಿಕ್ಕಿತು. 1914ನೇ ಇಸವಿ, 4 ಎಕರೆ 10 ಗುಂಟೆ, ಖರೀದಿ. ಕೊಂಡವನ ಕಾಲಮ್ಮಿನಲ್ಲಿ ನನ್ನ ಅಜ್ಜನ ಹೆಸರು, ಮುಂದೆ 'ಬಿನ್' ಎಂದು ನಾನೆಂದೂ ಕೇಳಿರದ ಒಬ್ಬ ಗಂಡಸಿನ ಹೆಸರು. ಅದರ ಮುಂದೆ 'ಅ.ಪಾ.ಕ. ತಾಯಿ'. ಅಜ್ಞಾನ ಪಾಲನಕರ್ತ ಎಂಬುದರ ಮೊಟಕು ಅದು, ಪ್ರಾಯಕ್ಕೆ ಬರದವನ ಪಾಲಕರು ಎಂಬರ್ಥದಲ್ಲಿ ಮರಾಠಿಯ ದಾರಿಯಿಂದ ನಮ್ಮ ಉತಾರಗಳಿಗೆ ಬಂದದ್ದು. ಆಮೇಲೆ, ಕೊನೆಗೂ, ಆಕೆಯ ಹೆಸರು. ಹೆಸರಿನ ಮುಂದೆ 'ಕೋಂ', ಅದರ ಮುಂದೆ ಮೂಡಲಗಿಯ ಮುತ್ತಜ್ಜ.

ಒಂದೇ ಸಾಲಿನಲ್ಲಿ ಮಗನ 'ಬಿನ್' ಒಬ್ಬ, ತಾಯಿಯ 'ಕೋಂ' ಇನ್ನೊಬ್ಬ. ಕುಲಕರ್ಣಿ ಬರೆದದ್ದು ಒಂದೂವರೆ ಸಾಲು. ನಾಲ್ಕು ತಲೆಮಾರು ಕೊಟ್ಟಿಗೆಗೆ ಎದ್ದು ಹೋಗಿ ಮುಚ್ಚಿಟ್ಟದ್ದೆಲ್ಲ ಅದರಲ್ಲಿತ್ತು.

ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮನೆಯ ಹಿರಿಯರು ಇನ್ನೂ ಇದ್ದಾರೆ, ಅವರಿಗೆ ಪತ್ರಿಕೆಯಲ್ಲಿ ಹೆಸರು ಬರುವುದು ಬೇಡ. ದೊಡ್ಡ ಹೆಸರೇನಲ್ಲ, ಊರೂರಿನಲ್ಲಿ ಇರುವಂಥದು.

ಹಳೆಯ ಕಾಗದಗಳಲ್ಲಿ ಅಕ್ಷರ ಬಾರದ ಒಕ್ಕಲಿಗ ನೇಗಿಲಿನ ಗುರುತು ಹಾಕುತ್ತಿದ್ದ, ಹೆಂಗಸು ಬಳೆಯ ಗುರುತು ಹಾಕುತ್ತಿದ್ದಳು. ಆಯಿ ಬಳೆ ಬರೆದಿದ್ದಳೋ ಹೆಬ್ಬೆಟ್ಟು ಒತ್ತಿದ್ದಳೋ ನೋಡುವ ಆಸೆಯಿತ್ತು. ಫೇರಫಾರದ ನಕಲಿನಲ್ಲಿ ಅಂಥದ್ದು ಬರುವುದಿಲ್ಲ. ಗಿರಣಿಯಲ್ಲಿ ನೂಲು ಸುತ್ತಿದ ಬೆರಳಿನ ಗುರುತು ನೋಡಿದ್ದರೆ ಚೆನ್ನಾಗಿರುತ್ತಿತ್ತು.

ಆ ಗಿರಣಿಯ ಮಾತು ಇಲ್ಲಿ ಹೇಳಬೇಕು. ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಬೀಳುವಲ್ಲಿ ಆ ನೀರಿನ ಬಲದಿಂದಲೇ ಹತ್ತಿಯ ಗಿರಣಿ ನಡೆಸಲು 1885ರಲ್ಲಿ ಕಂಪನಿಯಾಯಿತು, 1887ರಲ್ಲಿ ಗಿರಣಿ ಶುರುವಾಯಿತು. ಸುತ್ತಲಿನ ಹಳ್ಳಿಗಳಲ್ಲಿ ಕೂಲಿ ಎಂದರೆ ಸುಗ್ಗಿಯಲ್ಲಿ ಸಿಗುವ ಜೋಳ. ತಿಂಗಳು ತುಂಬಿದಾಗ ಕೈಗೆ ರೊಕ್ಕ ಬರುವ ಕೆಲಸ, ಅದೂ ಹೆಂಗಸಿಗೆ, ಗಿರಣಿಯಲ್ಲಿ ಮಾತ್ರ ಇತ್ತು. 1891ರ ಕಾರ್ಖಾನೆ ಕಾಯದೆಯ ಪ್ರಕಾರ ಹೆಂಗಸರಿಂದ ದಿನಕ್ಕೆ 11 ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ, ನಡುವೆ ಒಂದೂವರೆ ತಾಸು ಬಿಡುವು ಕೊಡಬೇಕು. ಹನ್ನೊಂದು ತಾಸು ಎಂಬುದು ಆಗಿನ ದಯೆ ಎಂಬುದನ್ನು ಓದುಗರು ಗಮನಿಸಬೇಕು. ದೇಶದ ಗಿರಣಿಗಳಲ್ಲೆಲ್ಲ ಹೆಂಗಸರು ಹೆಚ್ಚಾಗಿ ಇರುತ್ತಿದ್ದದ್ದು ನೂಲು ಸುತ್ತುವ, ಲಡಿ ಮಾಡುವ ಖಾತೆಗಳಲ್ಲಿ. ಮನೆಯಲ್ಲಿ ಉಳಿದ ಮಾತೂ ಇದಕ್ಕೆ ಹೊಂದುತ್ತದೆ. ಅಜ್ಜ ಕೂಸಾಗಿದ್ದಾಗ ನೂಲಿನ ಬುಟ್ಟಿಯಲ್ಲಿ ಮಲಗುತ್ತಿದ್ದನಂತೆ. ಮುದುಕನಾದ ಮೇಲೂ ಸದ್ದಿಲ್ಲದ ಕಡೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ ಎಂದು ನಮ್ಮಪ್ಪ ಹೇಳುತ್ತಾನೆ. ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಹೋಗಿ ಮಲಗುತ್ತಿದ್ದನಂತೆ.

ಮೂಡಲಗಿಯ ಮುತ್ತಜ್ಜ ಅದೇ ಗಿರಣಿಗೆ ಹತ್ತಿಯ ಬಂಡಿ ಹೊಡೆಯುತ್ತಿದ್ದ. ಅವರಿಬ್ಬರ ಭೇಟಿ ಎಲ್ಲಾಯಿತೆಂದು ಯಾವ ಕಚೇರಿಯೂ ಬರೆದಿಟ್ಟಿಲ್ಲ, ನಾನೂ ಕಟ್ಟಿ ಹೇಳುವುದಿಲ್ಲ.

ಇನ್ನು ಆ ಮೊದಲ ಗಂಡ ಯಾರು? ಅವನ ಬೆಡಗು ಯಾವುದೆಂದು ನಮ್ಮ ಹೆಳವನಿಗೆ ಗೊತ್ತಿತ್ತು, ಆ ಬೆಡಗಿನ ಒಕ್ಕಲು ಯಾರ ಪಾಲಿನದೆಂಬುದೂ ಗೊತ್ತಿತ್ತು. ಹೇಳಿದೆನಲ್ಲ, ಹಂಚಿಕೆಯೇ ಕೀಲಿ ಎಂದು. ಅವನೇ ಫೋನು ಹಚ್ಚಿ ಮಾತಾಡಿದ. ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯಲ್ಲಿ ನೆಲೆಯೂರಿರುವ ಆ ಇನ್ನೊಬ್ಬ ಹೆಳವನ ಮನೆಗೆ ನನ್ನ ಚಿಕ್ಕ ಮಗನ ಜೊತೆ ಹೋದೆ. ಆಯಿ ಮೊದಲು ಸೊಸೆಯಾಗಿ ಹೋದ ಊರು ಎಲ್ಲಿದೆ ಎಂದು ಕೇಳಿದರೆ ಅವನು ಕೈ ಮಾಡಿ ತೋರಿಸಿದ್ದು ನೀರಿನ ಕಡೆ. ಹಿಡಕಲ್ ಜಲಾಶಯ. 1977ರಲ್ಲಿ ಪೂರ್ಣಗೊಂಡ, ಈಗ ರಾಜಾ ಲಖಮಗೌಡರ ಹೆಸರಿನಲ್ಲಿರುವ ಈ ಅಣೆಕಟ್ಟಿನ ಹಿಂದೆ 51 ಟಿಎಂಸಿ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ನೀರಿಳಿದಾಗ ಹುನ್ನೂರಿನ ವಿಠ್ಠಲ ದೇವರ ಗುಡಿ ಮೇಲೆದ್ದು ಬರುತ್ತದೆ, ಜನ ನೋಡಲು ಹೋಗುತ್ತಾರೆ. ಆಯಿಯ ಊರಿಗೆ ಅಂಥ ಕಲ್ಲಿನ ಗುಡಿಯೂ ಇರಲಿಲ್ಲವಾಗಿ ಅದು ಮೇಲೇಳುವುದಿಲ್ಲ. ಆ ನೀರಿನಲ್ಲೇ ಒಂದಷ್ಟು ಕಾಲುವೆಗುಂಟ ಹರಿದು ನಮ್ಮ ಕಡೆಯ ಕಬ್ಬಿಗೆ ಬರುತ್ತದೆ ಎಂಬುದು ಆಗ ಹೊಳೆಯಿತು. ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ಈ ಹೆಳವ ವಯಸ್ಸಾದವನು. ಪುಸ್ತಕ ನೋಡುವ ಮೊದಲೇ ಬಾಯಿಂದ ಹೇಳಿದ. ನಾಲ್ವರು ಅಣ್ಣತಮ್ಮಂದಿರು, ಮೂರನೆಯವನು ಪ್ಲೇಗಿನಲ್ಲಿ ಹೋದ, ಅವನಿಗೊಬ್ಬ ಮಗ. ಬೆಳಗಾವಿ ಜಿಲ್ಲೆಗೆ ಪ್ಲೇಗು ಬಂದದ್ದು 1897ರ ನಂತರ, ಅದರ ಬೆನ್ನಿಗೆ 1899-1900ರ ಬರ. ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಾಲ. 1914ರಲ್ಲಿ ಇನ್ನೂ ಪ್ರಾಯಕ್ಕೆ ಬಾರದ ಅಜ್ಜನ ವಯಸ್ಸಿಗೂ ಇದು ಸರಿಹೊಂದುತ್ತದೆ. ಪುಸ್ತಕ ಬಿಚ್ಚಿದ. ಮೂರನೆಯವನ ಕೆಳಗೆ ನನ್ನ ಅಜ್ಜನ ಹೆಸರು, ನೆಟ್ಟಗೆ, ಗೆರೆಗೆ ತಾಗಿಸಿ ಬರೆದದ್ದು. ಅದರ ಕೆಳಗೆ ಒಂದು ಪೂರ್ತಿ ಹಾಳೆ ಖಾಲಿ. "ನಮ್ಮ ಮುತ್ಯಾ ಬಿಟ್ಟಾನ್ರಿ. ಹುಡುಗ ಎಲ್ಲಿಯಾರ ಬೆಳದಿರತಾನ, ಯಾರಾರ ಹುಡಿಕ್ಕೊಂಡ ಬರತಾರ ಅಂತಿದ್ದ" ಎಂದ.

ನೂರು ವರ್ಷಕ್ಕೂ ಹೆಚ್ಚು ಕಾಲ ನಮಗಾಗಿ ಒಂದು ಹಾಳೆ ಖಾಲಿ ಇತ್ತು. ನನಗೆ ಮಾತು ಹೊರಡಲಿಲ್ಲ.

ಆದರೆ ಆಯಿ? ಪುಸ್ತಕದಲ್ಲಿ ಆಕೆ ಇರಲಿಲ್ಲ. ಗಂಡನಿದ್ದಾನೆ, ಮಗನಿದ್ದಾನೆ, ನಡುವೆ ಹೆತ್ತವಳಿಲ್ಲ. ನಾನು ನೋಡಿದ ಎರಡೂ ಪುಸ್ತಕಗಳಲ್ಲಿ ಹೆಣ್ಣಿನ ಹೆಸರು ಇದ್ದದ್ದು ಬೆರಳೆಣಿಕೆಯಷ್ಟು, ಅದೂ ದತ್ತಕದ ಜಗಳ ಇದ್ದ ಕಡೆ. ಕಂದಾಯದವರಿಗೆ ಹೊಲ ಬೇಕು, ಹೆಳವನಿಗೆ ಗಂಡುಕುಳ ಬೇಕು. ಹೆಣ್ಣು ಕಾಗದಕ್ಕೆ ಬರುವುದು ಆಸ್ತಿಗೆ ತಗಲಿಕೊಂಡಾಗ ಮಾತ್ರ. ನಮ್ಮ ಆಯಿ ತಗಲಿಕೊಂಡಳು, ಅದೂ ತನ್ನ ದುಡಿಮೆಯಿಂದ. 1856ರ ವಿಧವಾ ಪುನರ್ವಿವಾಹ ಕಾಯದೆ ಮರುಮದುವೆಗೆ ಒಪ್ಪಿಗೆ ಕೊಟ್ಟಿತು, ಜೊತೆಗೆ ಮೊದಲ ಗಂಡನ ಆಸ್ತಿಯ ಮೇಲಿನ ಹಕ್ಕನ್ನು ಕಿತ್ತುಕೊಂಡಿತು. ಮಗನಿಗೇನೋ ತಂದೆಯ ಹೊಲದಲ್ಲಿ ಪಾಲಿತ್ತು. ಅದು ಕೈಗೆ ಬಂದ ಲಕ್ಷಣ ಎಲ್ಲೂ ಇಲ್ಲ. ದುಡಿದ ರೊಕ್ಕದಿಂದ ಕೊಂಡ ಹೊಲವನ್ನು ಆಕೆ ತನ್ನ ಹೆಸರಿಗೂ ಬರೆಸಲಿಲ್ಲ, ಹೊಸ ಗಂಡನ ಹೆಸರಿಗೂ ಬರೆಸಲಿಲ್ಲ. ಮಗನ ಹೆಸರಿಗೆ, ಅದೂ ಹೆತ್ತ ತಂದೆಯ ಹೆಸರನ್ನು ಹಚ್ಚಿ ಬರೆಸಿದಳು. ನಾಳೆ ಮೂಡಲಗಿಯ ಭಾವಂದಿರು ಪಾಲು ಕೇಳಬಾರದೆಂಬ ಲೆಕ್ಕ ಅದು ಎಂದೇ ನನ್ನ ಊಹೆ. ಓದು ಬಾರದ ಹೆಂಗಸಿಗೆ ಆ ಬುದ್ಧಿ ಕೊಟ್ಟವರು ಯಾರೋ, ಅಥವಾ ಒಮ್ಮೆ ಕಳಕೊಂಡದ್ದೇ ಕಲಿಸಿತೋ.

ಮನೆಗೆ ಬಂದು ಹೇಳಿದಾಗ ದೊಡ್ಡ ರಾಮಾಯಣವಾಯಿತು. ಕಾಕಾ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ನಿಮ್ಮ ಅತ್ತೀನ್ನ ಕೊಟ್ಟದ್ದು ಯಾ ಬೆಡಗಿನಾಗ, ಗೊತ್ತೈತಿಲ್ಲೋ?" ಎಂದ. ಗೊತ್ತಿತ್ತು. ನನ್ನ ಸೋದರತ್ತೆಯನ್ನು ಹುಕ್ಕೇರಿ ಕಡೆಗೆ ಕೊಟ್ಟದ್ದು ಇದೇ ಬೆಡಗಿನ ಮನೆಗೆ. ಒಂದೇ ಬೆಡಗಿನವರು ಅಣ್ಣತಂಗಿಯರ ಸಮ, ಕೊಡುವುದು ತರುವುದು ಸಲ್ಲದು. ರಕ್ತದ ಲೆಕ್ಕ ಹಿಡಿದರೆ ಅತ್ತೆ ತನ್ನ ಬೆಡಗಿಗೇ ಸೊಸೆಯಾಗಿ ಹೋಗಿದ್ದಾಳೆ. ಕಾಕಾನ ಹೆದರಿಕೆ ಸುಳ್ಳಲ್ಲ. ನಾಳೆ ಮೊಮ್ಮಕ್ಕಳ ಸಂಬಂಧ ನೋಡುವಾಗ ಯಾರಾದರೂ ಇದನ್ನು ಎತ್ತಿ ಆಡಿದರೆ? ಬೆಡಗು ಎಂದರೆ ಹಾಲು ಕುಡಿಸಿ ಬೆಳೆಸಿದ ಮನೆಯದೋ, ಹುಟ್ಟಿಸಿದವನದೋ ಎಂಬುದಕ್ಕೆ ನಮ್ಮಲ್ಲಿ ಒಂದೇ ಉತ್ತರವಿಲ್ಲ. ಮೂಡಲಗಿಯ ಮುತ್ತಜ್ಜ ಮಗನನ್ನು ಸಾಲಿಗೆ ತನ್ನ ಹೆಸರು ಹಚ್ಚಿ ಸೇರಿಸಿದ. ಆ ಮನುಷ್ಯನನ್ನು ಈಗ ಬೇರೆಯವನೆಂದು ದೂಡುವುದು ನನಗೂ ಆಗುವ ಮಾತಲ್ಲ.

ಅತ್ತೆಗೇ ಫೋನು ಮಾಡಿದೆ. ಎಂಬತ್ತು ದಾಟಿದ ಮುದುಕಿ. ಎಲ್ಲ ಕೇಳಿಸಿಕೊಂಡು ನಕ್ಕಳು. "ಅರವತ್ತ ವರ್ಷ ಬಾಳೇವ ಮಾಡೇನಿ, ಐದ ಹಡದೇನಿ. ಈಗ ಅವನಿಗೆ ತಂಗಿ ಆಗ್ಲೇನು?" ಎಂದಳು. ಆಮೇಲೆ ತಡೆದು, "ಆಯಿ ನನಗ ತಲಿ ಹಿಕ್ಕತಿದ್ಲು. ಬೆರಳು ಬಾಳ ಬಿರುಸು ಇದ್ದುವು" ಎಂದು ಸುಮ್ಮನಾದಳು.

ಕಾಕಾನ ಮಾತಿಗೂ ಬೆಲೆ ಕೊಟ್ಟು, ಮೂಡಲಗಿಯ ಹೆಳವನ ಪುಸ್ತಕದಲ್ಲಿ ಏನನ್ನೂ ತಿದ್ದಿಸಲಿಲ್ಲ. ಹುಕ್ಕೇರಿಯ ಹೆಳವನ ಹತ್ತಿರ ಮಾತ್ರ ಮತ್ತೊಮ್ಮೆ ಹೋದೆ. ಖಾಲಿ ಹಾಳೆಯಲ್ಲಿ ಅಜ್ಜನ ಕೆಳಗೆ ಮೂವರು ಗಂಡುಮಕ್ಕಳನ್ನು, ಅವರ ಮಕ್ಕಳನ್ನು ಬರೆದ. ಆಯಿಯನ್ನೂ ಬರೆ ಎಂದೆ. ಪೆನ್ನು ಎತ್ತಿ ಹಿಡಿದು ಯೋಚಿಸಿದ. ಉಡಕಿಯಾಗಿ ಹೋದವಳು, ಇತ್ತ ಈ ಪುಸ್ತಕದವಳಲ್ಲ, ಅತ್ತ ಆ ಪುಸ್ತಕದವಳೂ ಅಲ್ಲ. ಕೊನೆಗೆ ಗಂಡನ ಹೆಸರಿನ ಬದಿಗಲ್ಲದೆ, ಮಗನ ಹೆಸರಿನ ಮೇಲೆ, ಗೆರೆಯ ನಡುವೆಯೇ ಬರೆದ. ಮಗ್ಗುಲಲ್ಲಿ 'ಗಿರಣಿ' ಎಂದೂ ಬರೆಸಿದೆ. ಸೋದರತ್ತೆಯ ಹೆಸರು ಬರೆಯಲು ಅವನು ಒಪ್ಪಲಿಲ್ಲ. ಅದಕ್ಕೆ ಅವನ ಕಾರಣಗಳಿದ್ದವು, ನಾನು ಹಟ ಹಿಡಿಯಲಿಲ್ಲ. ನನ್ನ ಹೆಸರನ್ನು ಕೇಳದೆ ಅವನೇ ಬರೆದುಕೊಂಡ.

ಎದ್ದು ಹೊರಡುವಾಗ ಲೆಕ್ಕ ಕೇಳಿದೆ. ಗಂಡಸರ ಹೆಸರಿಗೆ ಇಷ್ಟಿಷ್ಟು ಎಂದು ಬೆರಳು ಮಡಚಿ ಹೇಳಿದ. ಹೆಣ್ಣುಮಕ್ಕಳ ಹೆಸರಿಗೆ? "ಅದಕ್ಕ ದರ ಇಲ್ಲರಿ ಬಾಯಾರ. ನಮ್ಮಪ್ಪ ಎಂದೂ ಹೇಳಿಲ್ಲ" ಎಂದ. ಬಾವಿ ಹೊಲದ ಜೋಳ ಒಂದು ಚೀಲ ಮಗ ಕಾರಿನಿಂದ ಇಳಿಸಿದ. ಅದನ್ನು ಒಳಗೆ ಹಾಕಿಸಿಕೊಂಡು, ಬರುವ ಸುಗ್ಗಿಗೆ ಮೂಡಲಗಿಗೆ ಬರುವುದಕ್ಕೆ ಅಲ್ಲಿಯ ಹೆಳವನ ಒಪ್ಪಿಗೆ ಕೇಳಬೇಕು ಎಂದು ಅವನು ಫೋನು ಹುಡುಕತೊಡಗಿದ.